ಆರು ಬಾವಿಗಳ ಕೆಂಪು

ರಬಕವಿಯ ನೇಕಾರ ಓಣಿಯಲ್ಲಿ ಗುರುಬಸವ್ವನನ್ನು ಎಲ್ಲರೂ ಕೈಯಿಂದಲೇ ಗುರುತಿಸುತ್ತಿದ್ದರು. ಸೆರಗನ್ನು ಮುಖದ ಮೇಲೆ ಎಷ್ಟೇ ಎಳೆದುಕೊಂಡು ಹೋಗಲಿ, ಬೆರಳ ತುದಿಯಿಂದ ಮೊಳಕೈವರೆಗೆ ಎರಡೂ ಕೈ ದಾಳಿಂಬೆ ಸಿಪ್ಪೆಯ ಹಾಗೆ ಕೆಂಪಗಿರುತ್ತಿದ್ದವು. ಅವಳ ಅಪ್ಪ ಶಿದ್ರಾಮಪ್ಪ ನೂಲಿಗೆ ಬಣ್ಣ ಹಾಕುವವನು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳು ಹತ್ತು ವರ್ಷದವಳಿದ್ದಾಗಲೇ ಹಂಡೆಯ ಮುಂದೆ ಕೂರಿಸಿಕೊಂಡು ಕಸಬು ಕಲಿಸಿದ್ದ. ‘ಅರ್ಧ ಬಣ್ಣ ಡಬ್ಬ್ಯಾಗ ಇರತೈತಿ, ಅರ್ಧ ನೀರಾಗ’ ಎನ್ನುತ್ತಿದ್ದ. ನೀರನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು, ಆಮೇಲೆ ನಾಲಿಗೆಯ ಅಡಿಗೆ ಇಳಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ ಉಗುಳಬೇಕು. ಸಿಹಿ ಇದ್ದರೆ ಮೊದಲೇ ಗೊತ್ತಾಗುತ್ತದೆ, ಸವಳಿನ ಉಪ್ಪು ಗೊತ್ತಾಗುವುದು ಕೊನೆಗೆ. ಕಣ್ಣು ಕಟ್ಟಿ ಕೊಟ್ಟರೂ ಅದು ಊರಿನ ಯಾವ ಬಾವಿಯ ನೀರು ಎಂದು ಗುರುಬಸವ್ವ ಹೇಳುತ್ತಿದ್ದಳು.

ಬೀಳಗಿ ಕಡೆಯ ಚನಮಲ್ಲಪ್ಪ ಅವಳನ್ನು ಮದುವೆಯಾಗಿ ಮನೆಯಳಿಯನಾಗಿ ಬಂದವನು. ಒಳ್ಳೆಯ ನೇಕಾರ. ಮಾತು ಕಮ್ಮಿ. ಅವಳು ಹಿತ್ತಲಲ್ಲಿ ಬಣ್ಣ ಹಾಕಿದ ನೂಲು ಒಣಗಿ ಒಳಗೆ ಬರುವುದು, ಪಡಸಾಲೆಯಲ್ಲಿ ಅವನ ಮಗ್ಗದ ಮೇಲೆ ಸೀರೆಯಾಗುವುದು. ಹನ್ನೆರಡು ವರ್ಷ ಹೀಗೇ ನಡೆಯಿತು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರು ಆಡಿಕೊಂಡಷ್ಟು ಅವರಿಬ್ಬರೂ ಆಡಿಕೊಂಡವರಲ್ಲ. ಆಮೇಲೆ ಶಿದ್ರಾಮಪ್ಪ ತೀರಿಕೊಂಡ. ಮರುವರ್ಷ ನೂಲು ಸಿಗುವುದು ಕಷ್ಟವಾಯಿತು, ಬೇಸಿಗೆಯಲ್ಲಿ ಬಾವಿಗಳೂ ಕೈಕೊಡತೊಡಗಿದವು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಮನೆಗೊಬ್ಬರಂತೆ ಗಂಡಸರು ಸೊಲ್ಲಾಪುರದ ಬಟ್ಟೆ ಗಿರಣಿಗಳಿಗೆ ಹೋದರು. ಚನಮಲ್ಲಪ್ಪನೂ ಹೋದ.

ಗುರುಬಸವ್ವ ಅವನ ಹಿಂದೆ ಹೋಗಲಿಲ್ಲ ಎಂದಲ್ಲ. ಹೋಗಿ ಮೂರು ತಿಂಗಳು ಇದ್ದಳು. ಚಾಳಿನ ಮೂರನೇ ಅಂತಸ್ತಿನಲ್ಲಿ ಒಂದು ಖೋಲಿ. ನಳದಲ್ಲಿ ನೀರು ಬರುತ್ತಿತ್ತು, ಸೇದುವ ಕೆಲಸವಿರಲಿಲ್ಲ. ಅವನು ಗಿರಣಿಗೆ ಹೋದ ಮೇಲೆ ಎರಡು ರೊಟ್ಟಿ ಬಡಿದರೆ ದಿನವೇ ಮುಗಿದಂತೆ. ಕುಂತು ಕುಂತು ಒಂದು ದಿನ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯ ಬಣ್ಣ ಕೂಡ ಹೋಗಿ ಕೈ ಬೆಳ್ಳಗಾಗಿದ್ದವು. ಯಾರದೋ ಕೈ ತಂದು ತನಗೆ ಜೋಡಿಸಿದಂತೆ ಕಂಡವು. ಆ ಸಂಜೆ ಗಂಡನಿಗೆ ಹೇಳಿದಳು:

“ನಾ ಊರಿಗೆ ಹೊಕ್ಕೇನಿ.”

ಅವನು ಜಗಳ ತೆಗೆಯಲಿಲ್ಲ. “ಹೋಗು. ಊರಾಗ ಮತ್ತ ಮಗ್ಗ ಹೂಡೂವಂಗ ಆದ್ರ ಹೇಳಿ ಕಳಸು, ಬರ್ತೇನಿ” ಎಂದ. ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದ.

ಅಂದಿನಿಂದ ಅವಳು ಒಬ್ಬಳೇ. ನಿಲ್ಲದೆ ಉಳಿದ ಮಗ್ಗಗಳ ನೂಲಿಗೆ ಬಣ್ಣ ಹಾಕಿಕೊಡುತ್ತ ಇದ್ದಳು. ಪಡಸಾಲೆಯಲ್ಲಿ ನೇಯುವವನು ಕಾಲು ಇಳಿಬಿಡುವ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಕಾಲಿಡದೆ ಸುತ್ತಿ ಓಡಾಡುತ್ತಿದ್ದಳು. ಮೂರನೇ ಇಯತ್ತೆಯವರೆಗೆ ಓದಿದ್ದರಿಂದ ಕಾಗದ ಬರೆಯಲು ಬರುತ್ತಿತ್ತು. ತಿಂಗಳಿಗೊಂದು ಬರೆಯುವಳು, ತಿಂಗಳಿಗೊಂದು ಬರುವುದು. ಅವನ ಕಾಗದದಲ್ಲಿ ಪ್ರತಿಸಲವೂ ಕೊನೆಯ ಸಾಲು ಒಂದೇ ಇರುತ್ತಿತ್ತು: ‘ಊರು ಹೆಂಗೈತಿ, ತಿಳಸು.’

ಸಂಸ್ಥಾನಗಳು ಹೋಗಿ ಮುಂಬಯಿ ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಆ ವರ್ಷ ಕಾರ್ತಿಕ ಮಾಸದಲ್ಲಿ ಒಂದು ಸುದ್ದಿ ಬಂತು. ಕೈಮಗ್ಗದವರಿಗೆ ಸರಕಾರ ಇನ್ನೂರು ಮನೆ ಕಟ್ಟಿಸಿಕೊಡುತ್ತದಂತೆ. ಒಂದೊಂದು ಮನೆಯಲ್ಲಿ ಎರಡೆರಡು ಮಗ್ಗಕ್ಕೆ ಜಾಗ, ಜೊತೆಗೆ ನೂಲಿನ ಪೂರೈಕೆ. ಊರಿನ ಮೂಡಲ ದಿಕ್ಕಿನ ಬಯಲಿನಲ್ಲಿ ವಸಾಹತು. ಊರು ಬಿಟ್ಟು ಹೋದವರು ಬರುವುದಾದರೆ ಅವರಿಗೇ ಮೊದಲು. ಆದರೆ ಅದಕ್ಕೂ ಮುಂಚೆ ಒಬ್ಬ ಅಧಿಕಾರಿ ಬಂದು ನೋಡುತ್ತಾನೆ: ಇನ್ನೂರು ಕುಟುಂಬ ಬಂದು ಕೂತರೆ ಈ ಊರು ತಾಳೀತೇ? ಇವತ್ತು ನಾಳೆಯ ಮಾತಲ್ಲ, ಇನ್ನು ಐವತ್ತು ವರ್ಷ ಇಲ್ಲಿ ಜನ ಬಾಳಬಹುದೇ?

ನೇಕಾರರ ಸಂಘದ ಅಧ್ಯಕ್ಷ ಮುರಗೆಪ್ಪ ಆ ಅಧಿಕಾರಿಯನ್ನು ಕರೆದುಕೊಂಡು ನೇರ ಗುರುಬಸವ್ವನ ಬಾಗಿಲಿಗೆ ಬಂದ. ಓವರ್‌ಸಿಯರ್ ಬಾಳಾಸಾಹೇಬ ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಬೆಳಗಾವಿ ಕಡೆಯವನು. ಹಿಂದೊಮ್ಮೆ ಎಲ್ಲಿಯದೋ ಬಾವಿ ನೀರು ಕುಡಿದು ಮೂತ್ರದಲ್ಲಿ ಕಲ್ಲಾಗಿ ಸಾಯುವಷ್ಟು ನರಳಿದ್ದನಂತೆ. ಅಂದಿನಿಂದ ಕಾಯಿಸಿ ಆರಿಸಿದ ನೀರನ್ನು ಅಲ್ಯೂಮಿನಿಯಂ ಬಾಟಲಿಯಲ್ಲಿ ಹೆಗಲಿಗೆ ತೂಗುಹಾಕಿಕೊಂಡೇ ತಿರುಗುತ್ತಿದ್ದ.

“ಸಾಹೇಬ್ರ, ಈ ತಂಗಿ ನಾಲಿಗೀನ ನಮ್ಮೂರ ಪ್ರಯೋಗಶಾಲಿ ನೋಡ್ರಿ” ಎಂದ ಮುರಗೆಪ್ಪ.

ಬಾಳಾಸಾಹೇಬ ನಗಲಿಲ್ಲ. “ಛಲೋ ಆತು. ನಾ ಬಾಟ್ಲಿ ತುಂಬಿ ಪುಣೆಕ್ಕ ಕಳಸಾವ. ಅಲ್ಲಿಂದ ಉತ್ತರ ಬರಾಕ ಒಂದು ತಿಂಗಳು. ಈಗ ನನ್ನ ಪರವಾಗಿ ರುಚಿ ನೋಡಾಕ ಒಬ್ಬರು ಬೇಕು” ಎಂದ.

ಮೂವರೂ ಊರು ಸುತ್ತಿದರು. ಮಠದ ಬಾವಿ, ಗೌಡರ ಬಾವಿ, ಕುಂಬಾರ ಬಾವಿ, ಹುಣಸಿ ಬಾವಿ, ಜೋಡಬಾವಿ, ಹಿರೇಬಾವಿ. ಬಣ್ಣಕ್ಕೂ ಬಾಯಿಗೂ ಊರು ನೆಚ್ಚಿಕೊಂಡಿದ್ದು ಈ ಆರನ್ನೇ. ಆ ಸಲ ಹಿಂಗಾರಿ ಮಳೆ ಚೆನ್ನಾಗಿ ಆಗಿತ್ತು. ಎಲ್ಲ ಬಾವಿಯಲ್ಲೂ ಮೂರನೇ ಮೆಟ್ಟಿಲಿಗೇ ನೀರು. ಬಾಳಾಸಾಹೇಬ ಹಗ್ಗ ಬಿಟ್ಟು ಆಳ ಅಳೆದ, ಬಾಟಲಿ ತುಂಬಿ ಚೀಟಿ ಅಂಟಿಸಿದ. ಚರಂಡಿ ಎತ್ತ ಹರಿಯುತ್ತದೆ, ಕೆಂಪು ಮಸಾರಿ ಮಣ್ಣು ಎಲ್ಲಿ, ಕಪ್ಪು ಎರೆ ಎಲ್ಲಿ, ಬಿಸಿಲುಗಾಲದಲ್ಲಿ ಗಾಳಿ ಯಾವ ಕಡೆಯದು, ಎಲ್ಲ ಕೇಳಿ ಬರೆದುಕೊಂಡ. ಗುರುಬಸವ್ವ ಒಂದೊಂದು ಬಾವಿಯಲ್ಲೂ ಬೊಗಸೆಯೊಡ್ಡಿ ಬಾಯಿಗೆ ಹಾಕಿಕೊಂಡು, ಹತ್ತು ಎಣಿಸಿ, “ಸಿಹಿ ಅದಾವ್ರಿ” ಎಂದಳು. ಅದು ನಿಜವೇ ಆಗಿತ್ತು.

ಹಿರೇಬಾವಿಯ ಕಟ್ಟೆಯ ಮೇಲೆ ಕೂತು ಅವನು ಕೇಳಿದ: “ಬ್ಯಾಸಗ್ಯಾಗ ಹೆಂಗಿರತಾವು?”

ಅವಳು ಬಾಯಿ ತೆರೆಯುವ ಮೊದಲೇ ಮುರಗೆಪ್ಪ, “ಹಿಂಗ ಇರತಾವ್ರಿ ಸಾಹೇಬ್ರ. ಸ್ವಲ್ಪ ಇಳೀತಾವು, ಅಷ್ಟ” ಎಂದ.

ಬಾಳಾಸಾಹೇಬ ಅವಳ ಕಡೆ ತಿರುಗಿ ಕಾಯುತ್ತ ಕೂತ. ಆ ಒಂದು ಗಳಿಗೆಯಲ್ಲಿ ಗುರುಬಸವ್ವನ ಕಣ್ಣ ಮುಂದೆ ಬಂದದ್ದು ಬೇಸಿಗೆಯ ಬಾವಿಯಲ್ಲ. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ರೈಲಿನ ಕಿಡಕಿಯ ಸರಳು ಹಿಡಿದು ನಿಂತಿದ್ದ ಗಂಡನ ಕೈ.

“ಇಳೀತಾವ್ರಿ” ಎಂದಳು.

ಅಷ್ಟೇ ಅಂದಳು, ಸವಳಿನ ಮಾತು ಎತ್ತಲಿಲ್ಲ. ಬಾಳಾಸಾಹೇಬ ಅದನ್ನೇ ಬರೆದುಕೊಂಡ.

ಪುಣೆಯಿಂದ ಬಂದ ಉತ್ತರವೂ ಚೆನ್ನಾಗಿಯೇ ಇತ್ತು. ಸಂಕ್ರಮಣದ ಹೊತ್ತಿಗೆ, ವಸಾಹತು ಆದಂತೆಯೇ ಎಂದು ಮುರಗೆಪ್ಪ ಮನೆಮನೆಗೆ ಹೇಳಿಬಂದ. ಗುರುಬಸವ್ವ ಅವತ್ತೇ ಕಾಗದ ಬರೆದಳು. ಎಂಟನೇ ದಿನಕ್ಕೆ ಉತ್ತರ ಬಂತು. ಅಷ್ಟು ಬೇಗ ಅವನ ಉತ್ತರ ಯಾವತ್ತೂ ಬಂದಿರಲಿಲ್ಲ. ಯುಗಾದಿ ಆದ ಮೇಲೆ ಖೋಲಿ ಬಿಟ್ಟುಕೊಡುತ್ತೇನೆ, ಗಿರಣಿಯ ಮುಕಾದಮನಿಗೂ ಹೇಳಿದ್ದೇನೆ, ಹೊಸ ಮನೆ ಆಗುವವರೆಗೆ ನಮ್ಮ ಮಗ್ಗದ ಮೇಲೇ ನೇಯುತ್ತೇನೆ ಎಂದು ಬರೆದಿದ್ದ. ಕೊನೆಯಲ್ಲಿ ‘ಊರು ಹೆಂಗೈತಿ’ ಎಂಬ ಸಾಲು ಇರಲಿಲ್ಲ. ಅದರ ಬದಲು, ‘ಮಗ್ಗದ ಕುಣ್ಯಾಗ ನೀರ ಇಳದೈತೇನ ನೋಡು’ ಎಂದಿತ್ತು.

ಅವಳು ಹಲಗೆ ತೆಗೆದು ಕುಣಿಗೆ ಇಳಿದಳು. ಮೂಲೆಯಲ್ಲಿ ಗೆದ್ದಲು ಹತ್ತಿತ್ತು. ಕೆದರಿ ತೆಗೆದು, ಸುಣ್ಣ ಬಳಿದು, ಸಗಣಿ ಸಾರಿಸಿದಳು. ಕೆಲಸ ಮುಗಿದ ಮೇಲೂ ಹತ್ತಿ ಬರಲಿಲ್ಲ. ನೇಕಾರ ಕೂರುವ ಅಂಚಿನಲ್ಲಿ ಅವನು ಕೂರುವ ಹಾಗೆಯೇ ಕಾಲು ಇಳಿಬಿಟ್ಟು ಕೂತಳು. ಎದುರಿನ ಗೋಡೆಯಲ್ಲಿ ಅವನ ಕಣ್ಣಿಗೆ ದಿನವೂ ಬೀಳುತ್ತಿದ್ದದ್ದು ಏನು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಹಿತ್ತಲ ಬಾಗಿಲು ನೇರ ಕಾಣುತ್ತಿತ್ತು. ಬಾಗಿಲಾಚೆ ಅವಳ ಹಂಡೆ.

ಪಕ್ಕದ ಮನೆಯ ಯಲ್ಲವ್ವ ಅವಳ ಗೆಳತಿ. ಯಲ್ಲವ್ವನ ಇಬ್ಬರು ಮಕ್ಕಳೂ ಸೊಲ್ಲಾಪುರದಲ್ಲಿದ್ದರು, ಸೊಸೆಯಂದಿರು ಮೊಮ್ಮಕ್ಕಳು ಸಹಿತ. ಇಬ್ಬರೂ ಕೂತು ಬರುವವರ ಹೆಸರು ಹೇಳಿಕೊಳ್ಳುವರು. ಓಣಿಯಲ್ಲೇ ಮೂವತ್ತೊಂದು ಜನ.

“ಸಣ್ಣ ಮೊಮ್ಮಗಳನ್ನ ನಾ ಇನ್ನೂ ನೋಡೇ ಇಲ್ಲ. ಬಾವಿ ಕಡೆ ಬಿಡಬಾರದು ನೋಡಬೇ, ಅದಕ್ಕ ನಳದ ನೀರ ರೂಢಿ” ಎನ್ನುವಳು ಯಲ್ಲವ್ವ.

ಯುಗಾದಿ ಬಂತು. ಶಿದ್ರಾಮಪ್ಪ ಒಂದು ಪದ್ಧತಿ ಇಟ್ಟಿದ್ದ. ಯುಗಾದಿಯ ಮರುದಿನ ಆರೂ ಬಾವಿಗಳಿಂದ ಒಂದೊಂದು ಕೊಡ ನೀರು ತರಿಸಿ, ಒಂದೇ ಅಳತೆಯ ಬಣ್ಣದಲ್ಲಿ ಒಂದೊಂದು ಲಡಿ ನೂಲು ಅದ್ದಿ, ಒಣಗಿಸಿ, ಬಾವಿಯ ಹೆಸರೂ ವರ್ಷವೂ ಬರೆದ ಚಿಂದಿ ಕಟ್ಟಿ ಪೆಟ್ಟಿಗೆಯಲ್ಲಿ ಇಡುವುದು. ಆ ಬೇಸಿಗೆಗೆ ಯಾವ ಬಾವಿಯ ನೀರು ಬಳಸಬೇಕು ಎಂದು ತಿಳಿಯಲು ಮಾಡಿದ ಉಪಾಯ ಅದು. ಹತ್ತೊಂಬತ್ತು ವರ್ಷದಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಅವನು ಸತ್ತ ಮೇಲೆ ಅವಳೇ ನಡೆಸಿಕೊಂಡು ಬಂದಿದ್ದಳು. ಆ ಸಲವೂ ಅದ್ದಿದಳು.

ಹಿತ್ತಲ ಹಗ್ಗದ ಮೇಲೆ ಆರು ಲಡಿ ಒಣಗಿದವು. ಹಿರೇಬಾವಿಯದು ಒಂದೇ ಕೆಂಪಗಿತ್ತು. ಜೋಡಬಾವಿಯದು ಇಟ್ಟಂಗಿಯ ಬಣ್ಣ. ಉಳಿದ ನಾಲ್ಕು ಕಂದಿ, ನಡುನಡುವೆ ಬಿಳಿಚಿಕೊಂಡು, ಮುಟ್ಟಿದರೆ ಬೆರಳಿಗೆ ಹತ್ತುತ್ತಿದ್ದವು. ಅವಳು ಪೆಟ್ಟಿಗೆ ತೆಗೆದು ಹಳೆಯವನ್ನೆಲ್ಲ ಅಂಗಳದಲ್ಲಿ ಸಾಲಾಗಿ ಹಾಸಿದಳು. ಒಂದೊಂದು ವರ್ಷ ಒಂದೊಂದನ್ನೇ ನೋಡಿದಾಗ ಕಾಣದೆ ಇದ್ದದ್ದು ಈಗ ಒಮ್ಮೆಗೇ ಕಂಡಿತು. ಮೊದಲ ವರ್ಷ ಆರೂ ಲಡಿ ಕೆಂಪು. ಊರಿನ ಹೊರಗೆ ಹೊಸ ಬಾವಿ ತೋಡಿದಂತೆಲ್ಲ, ಮಗ್ಗ ಹೆಚ್ಚಿದಂತೆಲ್ಲ, ಬೇಸಿಗೆಯಲ್ಲಿ ಸೆಲೆ ಕೆಳಗಿಳಿದು, ಆಳದ ಸವಳು ನೀರು ಮೇಲೆ ಬರುತ್ತ ಹೋಗಿತ್ತು. ಒಂದು ಬಾವಿ ಆಯಿತು, ಆಮೇಲೆ ಇನ್ನೊಂದು. ಮೂರು ವರ್ಷದಿಂದ ಮಗ್ಗ ಅರ್ಧಕ್ಕರ್ಧ ನಿಂತಿದ್ದರೂ ಬಣ್ಣ ತಿರುಗಿ ಏರಿರಲಿಲ್ಲ.

ಅಂಗಳದಲ್ಲಿ ಕೂತೇ ಇದ್ದಳು. ಇನ್ನೂರು ಮನೆ, ನಾಲ್ಕು ನೂರು ಮಗ್ಗ, ಒಂದೂವರೆ ಸಾವಿರ ಬಾಯಿ. ಹಿರೇಬಾವಿ ಎಷ್ಟು ದಿನ ತಡೆದೀತು? ಐದು ವರ್ಷ, ಬಹಳವಾದರೆ ಏಳು. ಅಷ್ಟರಲ್ಲಿ ಚನಮಲ್ಲಪ್ಪ ಖೋಲಿ ಬಿಟ್ಟುಕೊಟ್ಟು, ಗಿರಣಿಯ ಕೆಲಸ ಬಿಟ್ಟು ಬಂದಿರುತ್ತಾನೆ. ನಲವತ್ತು ದಾಟಿರುತ್ತದೆ. ಆಮೇಲೆ ಮತ್ತೆ ಹೋಗಬೇಕಾಗುತ್ತದೆ. ಎರಡನೇ ಸಲ ಊರು ಬಿಡುವವನು ಯಾರಿಗೂ ‘ಹೇಳಿ ಕಳಸು’ ಎಂದು ಹೇಳಿಹೋಗುವುದಿಲ್ಲ. ಯಲ್ಲವ್ವನ ಮೊಮ್ಮಗಳು ಸವಳು ನೀರು ಕುಡಿದು ಬೆಳೆಯಬೇಕು. ಈ ಎಲ್ಲಕ್ಕೂ ತಾನು ಕಾರ್ತಿಕದಲ್ಲಿ ಹೇಳಿದ ಒಂದು ಮಾತು ಆಧಾರ.

ನಾಲ್ಕನೇ ದಿನ ಬಾಳಾಸಾಹೇಬ ಮೂಡಲ ಬಯಲಿನಲ್ಲಿ ಅಳತೆಯ ಸರಪಳಿ ಎಳೆಸಿ ಮನೆಗಳ ಗುರುತು ಹಾಕಿಸುತ್ತಿದ್ದಾನೆ ಎಂದು ಕೇಳಿ, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಚೈತ್ರದ ಬಿಸಿಲು. ಬಯಲಿನಲ್ಲಿದ್ದ ಒಂದೇ ಬೇವಿನ ಮರದ ಕೆಳಗೆ ಅವನು ಬಾಟಲಿಯ ನೀರು ಕುಡಿಯುತ್ತ ಕೂತಿದ್ದ. ಪೆಟ್ಟಿಗೆ ಇಳಿಸಿ, ವರ್ಷದ ಪ್ರಕಾರ ಲಡಿಗಳನ್ನು ಅವನ ಮುಂದೆ ಹಾಸತೊಡಗಿದಳು.

ಚಿಂದಿಗಳನ್ನು ಓದುತ್ತ ಮೊಣಕಾಲೂರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಮತ್ತೆ ತಿರುಗಿ ಬಂದ.

“ಇದನ್ನ ಯಾರ ಮಾಡಿದ್ರು?”

“ನಮ್ಮಪ್ಪರಿ. ಈಗ ನಾ.”

“ನನ್ನ ಬಾಟ್ಲಿ ಒಂದ ದಿನದ್ದು. ಇದು ಹತ್ತೊಂಬತ್ತು ವರ್ಷದ್ದು” ಎಂದು ತನ್ನಷ್ಟಕ್ಕೆ ಅಂದುಕೊಂಡು, ಆಮೇಲೆ ತಲೆ ಎತ್ತಿದ. “ಕಾರ್ತಿಕದಾಗ ಯಾಕ ಹೇಳಲಿಲ್ಲವಾ?”

“ಸೊಲ್ಲಾಪುರದಾಗ ನನ್ನ ಮನಿಯವರು ಅದಾರ್ರಿ. ಮನಿ ಆದ್ರ ಬರಾವ್ರಿದ್ರು.”

ಬಾಳಾಸಾಹೇಬ ಗುರುತಿನ ಗೂಟಗಳ ಹತ್ತಿರ ನಿಂತಿದ್ದ ಆಳುಗಳಿಗೆ ಸರಪಳಿ ಸುತ್ತಲು ಹೇಳಿದ. “ಇದನ್ನ ನೋಡಿದ ಮ್ಯಾಲ ನನಗ ಹಳೇ ವರದಿ ಕಳಸಾಕ ಬರೂದಿಲ್ಲ. ತಿಳೀತಲ್ಲ? ಹೊಸಾದು ಬರದ್ರ ನಿಮಗ ತೊಂದ್ರಿ ಆಗತೈತಿ” ಎಂದ.

“ತಿಳಕೊಂಡ ಬಂದೇನ್ರಿ” ಎಂದಳು ಅವಳು.

ಆ ವಾರವೆಲ್ಲ ಅವನು ಮತ್ತೆ ಆರೂ ಬಾವಿ ಅಳೆದ. ಅವಳೂ ಜೊತೆಗೆ ಹೋದಳು, ಪ್ರತಿಯೊಂದರ ನೀರನ್ನೂ ಬಾಯಿಗೆ ಹಾಕಿಕೊಂಡು ಇದ್ದದ್ದು ಇದ್ದಂತೆ ಹೇಳಿದಳು. ಹೊಳೆಯ ದಂಡೆಯವರೆಗೂ ಹೋಗಿ ನೋಡಿಬಂದರು. ಕೊನೆಗೆ ಸಂಘದ ಕಟ್ಟೆಯ ಮೇಲೆ ಜನ ಸೇರಿಸಿ ಬಾಳಾಸಾಹೇಬ ತಾನು ಬರೆದದ್ದನ್ನು ಓದಿಹೇಳಿದ. ಊರು ಬಾಳುತ್ತದೆ. ಇಲ್ಲಿಯ ಮಣ್ಣು, ಗಾಳಿ, ಕಸಬು ಯಾವುದಕ್ಕೂ ಕೊರತೆ ಇಲ್ಲ. ಆದರೆ ಕೃಷ್ಣೆಯ ನೀರು ಕೊಳವೆಯಲ್ಲಿ ಊರಿಗೆ ಬರುವವರೆಗೆ ಒಂದು ಹೊಸ ಮನೆಯೂ ಒಂದು ಹೊಸ ಬಾವಿಯೂ ಆಗಬಾರದು. ಮೊದಲು ನೀರು, ಆಮೇಲೆ ವಸಾಹತು.

ಜನ ಮೊದಲು ಅವನನ್ನು ನೋಡಿದರು, ಆಮೇಲೆ ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಗುರುಬಸವ್ವನನ್ನು ನೋಡಿದರು.

ಸಭೆ ಮುಗಿದ ಮೇಲೆ ಮುರಗೆಪ್ಪ ಅವಳ ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ ಅವನು. ಎರಡು ವರ್ಷ ಊರೂರು ತಿರುಗಿ, ಕಂಡಕಂಡ ಸಾಹೇಬರ ಬಾಗಿಲು ಕಾದು ಆ ವಸಾಹತನ್ನು ಊರಿಗೆ ಎಳೆದು ತಂದವನು. ಧ್ವನಿಯಲ್ಲಿ ಸಿಟ್ಟಿಗಿಂತ ದಣಿವು ಜಾಸ್ತಿ ಇತ್ತು.

“ಮನಿ ಒಮ್ಮೆ ಬಂದಿದ್ರ ನೀರು ತಾನಾಗೇ ಬರತಿತ್ತವಾ. ಇನ್ನೂರು ಮನಿ ನೀರಿಲ್ಲದ ಕೂತಾವು ಅಂದ್ರ ಸರಕಾರಕ್ಕ ಬ್ಯಾರೇ ದಾರಿ ಇರತಿರಲಿಲ್ಲ. ಖಾಲಿ ಬಯಲಿಗೆ ಯಾರ ನೀರು ಕೊಡತಾರ?”

“ನೀರು ಬರೂದ ತಡಾ ಆದ್ರ, ಕಾಕಾ? ಬಂದವರು ಏನ ಕುಡೀಬೇಕು?”

“ನಿನ್ನ ಗಂಡನೂ ಆ ಇನ್ನೂರರಾಗ ಇದ್ದ. ಅದನ್ನ ಮರತೇನು?”

ಮುರಗೆಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಕ್ಕಿಲ್ಲ ಎಂಬ ಸಂಶಯ ಅವಳನ್ನು ಆಮೇಲೆ ಎಷ್ಟೋ ದಿನ ಕಾಡಿತು. ಯಲ್ಲವ್ವ ಮಾತು ಬಿಟ್ಟಳು. ಬೆಳಿಗ್ಗೆ ಅಂಗಳ ಗುಡಿಸುವಾಗ ಇಬ್ಬರೂ ಎದುರಾದರೆ ಯಲ್ಲವ್ವ ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಹೋಗುವಳು. ಬಣ್ಣಕ್ಕೆ ನೂಲು ಕೊಡುತ್ತಿದ್ದವರು ನಾಲ್ಕು ಮನೆಯವರು ಬನಹಟ್ಟಿಗೆ ಒಯ್ಯತೊಡಗಿದರು.

ಗಂಡನಿಗೆ ಕಾಗದ ಬರೆಯಲು ಅವಳಿಗೆ ಐದು ದಿನ ಹಿಡಿಯಿತು. ಉತ್ತರ ಬರಲಿಲ್ಲ. ಹದಿನೈದನೇ ದಿನ ಮಧ್ಯಾಹ್ನ ಚನಮಲ್ಲಪ್ಪನೇ ಬಂದ. ಒಂದು ಚೀಲ, ಒಂದು ಕೊಡೆ. ಸಾಮಾನು ಏನೂ ಇರಲಿಲ್ಲ. ಅದನ್ನು ನೋಡಿಯೇ ಅವಳಿಗೆ ತಿಳಿಯಿತು.

“ಎಂಟ ದಿವಸ ರಜಾ ಹಾಕಿ ಬಂದೇನಿ” ಎಂದ. “ಖೋಲಿ ಬಿಟ್ಟಿಲ್ಲ.”

ಕೈಕಾಲು ತೊಳೆಯಲು ನೀರು ಕೊಟ್ಟಳು. ತೊಳೆದುಕೊಂಡು, ಮಿಕ್ಕ ನೀರನ್ನು ಬಾಯಿಗೆ ಹಾಕಿಕೊಂಡ. ಮುಕ್ಕಳಿಸಲಿಲ್ಲ, ಸ್ವಲ್ಪ ಹೊತ್ತು ಬಾಯಿಯಲ್ಲೇ ಇಟ್ಟುಕೊಂಡು ಅಂಗಳಕ್ಕೆ ಉಗುಳಿದ. ಒಳಗೆ ಬಂದು ಮಗ್ಗದ ಕುಣಿ ನೋಡಿದ. ಸುಣ್ಣ ಬಳಿದ ಗೋಡೆಯನ್ನು ಕೈಯಿಂದ ಸವರಿದ.

“ನೀವು ಸಿಟ್ಟ ಮಾಡಾಕ ಬಂದೀರಿ ಅಂದಕೊಂಡಿದ್ದೆ” ಎಂದಳು ಅವಳು.

“ಸಿಟ್ಟ ಬಂದಿತ್ತು. ಖೋಲಿ ಮಾಲಕಗ ಹೇಳಿ ಬಿಟ್ಟಿದ್ದೆ, ತಿರುಗಿ ಹೋಗಿ ಕೈ ಮುಗದ ಕೇಳಬೇಕಾತು. ಆಮ್ಯಾಲ ವಿಚಾರ ಮಾಡಿದೆ. ಮಾವ ಇದ್ರ ಹಿಂಗ ಮಾಡತಿದ್ರು.” ಕೊಡೆಯನ್ನು ಮೂಲೆಗೆ ಇಟ್ಟು, “ನೀ ಇದೊಂದ ಸಲ ಹಿಂಗ ಮಾಡಬಾರದಾಗಿತ್ತು ಅಂತನೂ ಅನಿಸ್ತೈತಿ. ಎರಡೂ ಅನಿಸ್ತೈತಿ” ಎಂದ.

ಆ ಎಂಟು ದಿನದಲ್ಲಿ ಒಂದು ಹೊಸ ದಾರಿ ಸಿಕ್ಕಿತು. ಬಣ್ಣವನ್ನು ಮನೆಯಲ್ಲೇ ಏಕೆ ಹಾಕಬೇಕು, ಹಂಡೆಯನ್ನೇ ಹೊಳೆಗೆ ಒಯ್ದರೆ ಆಗದೇ ಎಂದು ಕೇಳಿದವನು ಚನಮಲ್ಲಪ್ಪ. ಒಂದು ಚಕ್ಕಡಿ ಹಿಡಿದು ಇಬ್ಬರೂ ಎರಡೂವರೆ ಮೈಲಿ ದೂರದ ಕೃಷ್ಣೆಯ ದಂಡೆಗೆ ಹೋದರು. ಅವನು ಮೂರು ಕಲ್ಲು ಹೂಡಿ ಒಲೆ ಮಾಡಿದ, ಜಾಲಿ ಕಟ್ಟಿಗೆ ಕಡಿದು ತಂದ. ಅವಳು ನೀರು ಕಾಯಿಸಿ ಲಡಿ ಅದ್ದಿದಳು. ಬೇಸಿಗೆಯ ಹೊಳೆ ಒಂದೇ ಕವಲಾಗಿ, ನುಣ್ಣನೆ ಕಲ್ಲುಗಳ ಮೇಲೆ ತಿಳಿಯಾಗಿ ಹರಿಯುತ್ತಿತ್ತು. ತೊಳೆಯಲು ಇಬ್ಬರೂ ಮೊಣಕಾಲವರೆಗೆ ನೀರಿಗಿಳಿದು, ಲಡಿಯ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದು ಹಿಂಡಿದರು. ಒಣಗಿದ ಮೇಲೆ ನೋಡಿದರೆ ಶಿದ್ರಾಮಪ್ಪನ ಮೊದಲ ವರ್ಷದ ಲಡಿಯ ಕೆಂಪು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟಳು.

ಊಟದ ಹೊತ್ತಿಗೆ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಚನಮಲ್ಲಪ್ಪನ ಕೈಯೂ ಕೆಂಪಾಗಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಗಿರಣ್ಯಾಗ ಇದನ್ನ ನೋಡಿ ನಗತಾರ” ಎಂದ.

“ಎಷ್ಟ ದಿನ ಇರತೈತಿ?”

“ಎರಡ ವಾರ ಇರಬಹುದು.”

“ತೊಳೀಬ್ಯಾಡ್ರಿ, ತಾನಾಗೇ ಹೋಗಲಿ” ಎಂದಳು ಅವಳು.

ಒಂಬತ್ತನೇ ದಿನ ಬೆಳಿಗ್ಗೆ ಅವನು ಜಮಖಂಡಿಯ ಬಸ್ಸು ಹತ್ತಿದ. ಅಲ್ಲಿಂದ ವಿಜಾಪುರ, ವಿಜಾಪುರದಿಂದ ರೈಲು. ‘ನೀನೂ ಬಾ’ ಎಂದು ಅವನು ಅನ್ನಲಿಲ್ಲ, ‘ಇಲ್ಲೇ ಇರ್ರಿ’ ಎಂದು ಅವಳೂ ಅನ್ನಲಿಲ್ಲ. ಎರಡೂ ಮಾತು ಎಂಟು ದಿನ ಮನೆಯಲ್ಲಿ ಅವರ ನಡುವೆ ಕೂತೇ ಇದ್ದವು. ಬಸ್ಸು ಹೊರಟು ಹೋದ ಮೇಲೆ ಅವಳು ಮನೆಗೆ ಬಂದು ಕುಣಿಗೆ ಹಲಗೆ ಮುಚ್ಚಲು ಹೋದಳು. ಮನಸ್ಸು ಬಾರದೆ ತೆರೆದೇ ಇಟ್ಟಳು.

ಅಂದಿನಿಂದ ವಾರಕ್ಕೆ ಮೂರು ಸಲ ಹೊಳೆಗೆ ಹೋಗುವುದು ರೂಢಿಯಾಯಿತು. ಹೊಳೆಯ ಕೆಂಪನ್ನು ಕಂಡು, ಬನಹಟ್ಟಿಗೆ ಹೋಗಿದ್ದ ನಾಲ್ಕು ಮನೆಯವರು ತಿರುಗಿ ಬಂದರು. ಮರುವರ್ಷದ ಬೇಸಿಗೆಯಲ್ಲಿ ಕುಂಬಾರ ಬಾವಿ ಪೂರ್ತಿ ಸವಳಾಯಿತು. ದನ ಕೂಡ ಮೂಸಿ ನೋಡಿ ತಿರುಗುವಷ್ಟು. ಆ ದಿನ ಸಂಜೆ ಯಲ್ಲವ್ವ ಖಾಲಿ ಕೊಡ ಹಿಡಿದುಕೊಂಡೇ ಬಂದು ಗುರುಬಸವ್ವನ ಕಟ್ಟೆಯ ಮೇಲೆ ಕೂತಳು. ಕ್ಷಮೆ ಕೇಳಲಿಲ್ಲ. “ಸಣ್ಣ ಮೊಮ್ಮಗಳು ಈಗ ಮಾತಾಡತಾಳಂತ” ಎಂದಳು. ಗುರುಬಸವ್ವ ಅವಳ ಕೊಡಕ್ಕೆ ಹೊಳೆಯಿಂದ ತಂದ ನೀರು ಸುರಿದಳು.

ವರದಿ ಯಾವ ಯಾವ ಮೇಜು ಹತ್ತಿ ಇಳಿಯಿತೋ ಊರಿಗೆ ಗೊತ್ತಿಲ್ಲ. ಎರಡು ವರ್ಷ ಸದ್ದಿರಲಿಲ್ಲ. ರಾಜ್ಯಗಳ ಗೆರೆ ಬದಲಾಗುತ್ತದೆ, ಕನ್ನಡದ ಊರುಗಳೆಲ್ಲ ಒಂದಾಗುತ್ತವೆ, ರಬಕವಿ ಮೈಸೂರು ರಾಜ್ಯಕ್ಕೆ ಹೋಗುತ್ತದೆ, ಸೊಲ್ಲಾಪುರ ಮುಂಬಯಿಯಲ್ಲೇ ಉಳಿಯುತ್ತದೆ ಎಂಬ ಮಾತು ಹೋಟೆಲಿನಲ್ಲಿ, ಕಟ್ಟೆಯ ಮೇಲೆ ಎಲ್ಲೆಲ್ಲೂ ನಡೆದಿತ್ತು. ಜನ ಖುಷಿಯಲ್ಲಿದ್ದರು. ಗುರುಬಸವ್ವನಿಗೂ ಖುಷಿಯೇ. ಆದರೂ ಗಂಡ ಬೇರೆ ರಾಜ್ಯದವನಾಗುತ್ತಾನೆ ಎಂಬುದು ಮಾತ್ರ ಅವಳಿಗೆ ಹಿಡಿಸಲಿಲ್ಲ.

ಹಾಗಿರುವಾಗ ಐವತ್ತಾರರ ಬೇಸಿಗೆಯಲ್ಲಿ ಬಾಳಾಸಾಹೇಬ ಮತ್ತೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸರಪಳಿಯ ಆಳುಗಳು ಹೊಳೆಯ ದಂಡೆಯಿಂದ ಊರಿನ ಕಡೆಗೆ ನೂರು ಅಡಿಗೊಂದು ಗೂಟ ಹೊಡೆಯುತ್ತ ಬಂದರು.

“ನೀರು ಬರತೈತೇನ್ರಿ ಸಾಹೇಬ್ರ?” ಎಂದು ಅವಳು ಕೇಳಿದಳು.

“ಗೂಟ ಬಂದಾವವಾ. ಕೊಳವೆ ಯಾವಾಗ ಬರತಾವು ಅಂತ ನನಗೂ ಯಾರೂ ಹೇಳಿಲ್ಲ. ಕಾಗದ ಇನ್ನ ಮುಂಬಯಿಂದ ಬೆಂಗಳೂರಿಗೆ ಹೋಗಬೇಕು. ಆದ್ರ ಗುರುತು ಹಾಕಿದ್ದು ಹಾಕಿದ್ದ. ನಾ ರಿಟೈರ್ ಆಗೂದರಾಗ ಇಷ್ಟ ಮಾಡಿ ಹೋಗಬೇಕಂತ ಬಂದೆ” ಎಂದ ಅವನು.

ಅವಳು ಅದನ್ನೇ ಕಾಗದದಲ್ಲಿ ಬರೆದಳು, ಒಂದು ಮಾತೂ ಹೆಚ್ಚಿಸದೆ. ಚನಮಲ್ಲಪ್ಪನ ಉತ್ತರ ಬಂತು. ಗಿರಣಿಯ ಅರಳೆ ಧೂಳಿನಿಂದ ತನಗೆ ಹತ್ತಿದ್ದ ಕೆಮ್ಮು ಕಡಿಮೆಯಾಗಿದೆ ಎಂದೂ, ಯಲ್ಲವ್ವನ ದೊಡ್ಡ ಮಗ ಸೊಲ್ಲಾಪುರದಲ್ಲೇ ಸ್ವಂತ ಮನೆ ನೋಡುತ್ತಿದ್ದಾನೆ, ಅದನ್ನು ಅವಳಿಗೆ ಹೇಳಬೇಡ ಎಂದೂ ಬರೆದಿದ್ದ. ಕೊನೆಗೆ, ‘ಗೂಟ ಎಷ್ಟು ಅದಾವು? ಎಣಿಸಿ ಬರಿ’ ಎಂದಿತ್ತು.

ಮರುದಿನ ಬಣ್ಣದ ಕೆಲಸ ಮುಗಿದ ಮೇಲೆ ಅವಳು ಚಕ್ಕಡಿಯನ್ನು ಮುಂದೆ ಕಳಿಸಿ, ಹೊಳೆಯ ದಂಡೆಯಿಂದ ಒಬ್ಬಳೇ ಹೊರಟಳು. ಒಂದೊಂದು ಗೂಟದ ತಲೆಯನ್ನೂ ಮುಟ್ಟಿ ಎಣಿಸುತ್ತ ನಡೆದಳು. ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಅಲ್ಲಲ್ಲಿ ಕುರಿ ಕಾಯುವವರು ಗೂಟ ಕಿತ್ತು ಒಯ್ದಿದ್ದರು, ಕುಣಿ ಮಾತ್ರ ಉಳಿದಿತ್ತು. ಅವನ್ನು ಬೇರೆ ಎಣಿಸಿದಳು. ಒಂದು ಕಡೆ ಗೂಟಕ್ಕೆ ಯಾರೋ ಆಕಳ ಕರು ಕಟ್ಟಿದ್ದರು. ಅದನ್ನು ಬಿಚ್ಚಿ ಪಕ್ಕದ ಬಾರಿಗಿಡಕ್ಕೆ ಕಟ್ಟಿ ಮುಂದೆ ಹೋದಳು. ಊರಿನ ಅಗಸಿ ತಲುಪಿದಾಗ ಹೊತ್ತು ಇನ್ನೂ ಇಳಿದಿರಲಿಲ್ಲ.

ಟಪಾಲು ಬಸ್ಸು ಹೋಗುವುದಕ್ಕೆ ಇನ್ನೂ ಒಂದು ತಾಸು ಇತ್ತು. ಪಡಸಾಲೆಯಲ್ಲಿ ಕೂತು ಕಾಗದ ಬರೆದಳು: ‘ನೂರಾ ಇಪ್ಪತ್ತೊಂದು ಗೂಟ ಅದಾವು. ಹನ್ನೊಂದು ಕಿತ್ತು ಹೋಗ್ಯಾವು, ಕುಣಿ ಅದಾವು. ಕಡೇದು ನಮ್ಮ ಓಣಿ ತುದ್ಯಾಗ ಐತಿ, ಮನಿ ಬಾಗಲಾಗ ನಿಂತ್ರ ಕಾಣತೈತಿ.’ ಇನ್ನೂ ಏನೋ ಬರೆಯಬೇಕು ಅನಿಸಿ ಟಾಕನ್ನು ದೌತಿಯಲ್ಲಿ ಅದ್ದಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಹಾಗೆಯೇ ಮಡಿಚಿ, ಅಂಟು ಹಚ್ಚಿ, ಪೋಸ್ಟಿನ ಕಡೆಗೆ ನಡೆದಳು.